‘ಕ್ಷಮಿಸು’ ಅನ್ನದೆ ಬರೆದ ಕಾದಂಬರಿ: ನನ್ನ ಅನುಭವ

ನನ್ನ ಕಾದಂಬರಿಯ ಎರಡನೇ ಮುದ್ರಣದ ಫೈಲ್ ಪ್ರೆಸ್ಸಿಗೆ ಹೋಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಮೂರು ವರ್ಷದ ಹಿಂದೆ ಇದನ್ನೇ ಹೇಳಿದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ‘ಕ್ಷಮೆಯ ಕಾದಂಬರಿ ಅಂತೀಯ, ಕ್ಷಮಿಸು ಅನ್ನೋ ಮಾತೇ ಇರಲ್ಲ ಅಂತೀಯ. ಏನಮ್ಮ ಇದು, ಉಪ್ಪಿಲ್ಲದ ಸಾರು?’ ಅಂದರು ಹಿರಿಯರೊಬ್ಬರು.

ಕಥೆ ಸಣ್ಣದು. ಗಂಡ ಗೆಳೆಯನ ಸಾಲಕ್ಕೆ ಜಾಮೀನು ನಿಂತು, ಕೊನೆಗೆ ಹೆಂಡತಿಯ ಚಿನ್ನದ ಅವಲಕ್ಕಿ ಸರವನ್ನು ಹೇಳದೆ ಅಡವಿಡುತ್ತಾನೆ. ತಂಗಿಯ ಮದುವೆಗೆ ಹೊರಟಾಗ ಅವಳಿಗೆ ಗೊತ್ತಾಗುತ್ತದೆ. ಮೊದಲ ಪ್ರತಿಯಲ್ಲಿ ಗಂಡನಿಗೆ ಆಕ್ಸಿಡೆಂಟ್ ಮಾಡಿಸಿ, ಐಸಿಯುನಲ್ಲಿ ಕೈ ಹಿಡಿಸಿದ್ದೆ. ನನ್ನ ಅಕ್ಕ ಓದಿ, ‘ಆಕ್ಸಿಡೆಂಟ್ ಆಗದಿದ್ರೆ ಇವಳು ಬಿಟ್ಟೇ ಹೋಗ್ತಿದ್ಲಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಪ್ರತಿಯಲ್ಲಿ ಗಂಡನಿಂದ ನಾಲ್ಕು ಪುಟದ ಪತ್ರ ಬರೆಸಿದೆ. ವಾರಪತ್ರಿಕೆಯೊಂದಕ್ಕೆ ಧಾರಾವಾಹಿಗೆ ಕಳಿಸಿದ್ದು ಎಂಟು ತಿಂಗಳಾದ ಮೇಲೆ ವಾಪಸ್ ಬಂತು. ಸರಿಯಾಗೇ ಮಾಡಿದರು ಬಿಡಿ, ಆ ಪತ್ರ ನನಗೇ ಓದಲಾಗುತ್ತಿರಲಿಲ್ಲ.

ಮೂರನೇ ಸಲ ಕ್ಷಮೆ, ಮನ್ನಿಸು, ಸಾರಿ, ಎಲ್ಲಾ ಕಿತ್ತು ಹಾಕಿದೆ. ಇಟ್ಟುಕೊಂಡಿದ್ದು ‘ರೀ’ ಒಂದನ್ನೇ. 31ನೇ ಪುಟದಲ್ಲಿ ಸರದ ಖಾಲಿ ಡಬ್ಬಿ ನೋಡಿದ ಮೇಲೆ ಅವಳು ಗಂಡನನ್ನು ‘ರೀ’ ಅನ್ನುವುದಿಲ್ಲ. 188ನೇ ಪುಟದಲ್ಲಿ, ‘ರೀ, ಬಾಗಿಲು ಹಾಕ್ಕೊಳ್ಳಿ’ ಅನ್ನುತ್ತಾಳೆ. ಅಷ್ಟೇ. ನಡುವಿನ ನೂರೈವತ್ತು ಪುಟ ಅವಳು ಅವನನ್ನು ಕರೆಯದೆ ಮಾತಾಡುವುದು, ಅದು ಓದುಗರಿಗೆ ಗೊತ್ತಾಗದ ಹಾಗೆ ಮಾಡುವುದು ಹೇಗೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಹೇಳಲ್ಲ. ಮುಂದಿನ ಪುಸ್ತಕಕ್ಕೂ ಬೇಕು.

ಕಾಲಾವಧಿ ಕೋರ್ಟಿನದು. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕಲ್ಲ, ಕಾದಂಬರಿಯ ಹೆಚ್ಚಿನ ಭಾಗ ಆ ಆರು ತಿಂಗಳಲ್ಲೇ ನಡೆಯುತ್ತದೆ. ವಕೀಲೆ ಗೆಳತಿ ಓದಿ ತಲೆ ಮೇಲೆ ನೀರು ಸುರಿದಳು: ‘2017ರಲ್ಲೇ ಸುಪ್ರೀಂ ಕೋರ್ಟ್ ಈ ಆರು ತಿಂಗಳು ಬಿಟ್ಟುಕೊಡಬಹುದು ಅಂದಿದೆ ಕಣೇ.’ ಒಂದು ವಾರ ನಿದ್ದೆ ಇಲ್ಲ. ಆಮೇಲೆ ಅವಳೇ ದಾರಿ ತೋರಿಸಿದಳು. ಆ ತೀರ್ಪಿನ ಪ್ರಕಾರ ವಿನಾಯಿತಿ ಸಿಗಲು ಅರ್ಜಿಗೆ ಮೊದಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕಿತ್ತು. ನಾನು ಇಬ್ಬರನ್ನೂ ಹದಿಮೂರು ತಿಂಗಳಷ್ಟೇ ಬೇರೆ ಇಟ್ಟೆ. ಕಥೆ ಉಳಿಯಿತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹೆಂಡತಿಯನ್ನು ಧಾರವಾಡದವಳನ್ನಾಗಿ ಮಾಡಿ ಎರಡು ಅಧ್ಯಾಯ ಬರೆದೆ. ಅಲ್ಲಿನ ಗೆಳತಿ ಬಿದ್ದು ಬಿದ್ದು ನಕ್ಕಳು. ‘ನಾವು ಬಸ್ ಕಂಡಕ್ಟರಗೂ ರೀ ಅಂತೀವ್ರೀ!’ ಎರಡೂ ಅಧ್ಯಾಯ ಕಸದ ಬುಟ್ಟಿಗೆ ಹೋದವು, ಹೆಂಡತಿ ವಾಪಸ್ ಶಿವಮೊಗ್ಗಕ್ಕೆ ಬಂದಳು.

ದುಡ್ಡಿನ ವಿಷಯ. 240 ಪುಟ ಇತ್ತು, 208ಕ್ಕೆ ಇಳಿಸಿದೆ. ಹದಿನಾರು ಪುಟಕ್ಕೆ ಒಂದು ಫಾರಂ, ಹದಿನೈದು ಫಾರಂ ಹೋಗಿ ಹದಿಮೂರು ಆಯಿತು. 500 ಪ್ರತಿಗೆ ಮುಖಪುಟ, ಡಿಟಿಪಿ ಎಲ್ಲಾ ಸೇರಿ 46-47 ಸಾವಿರ ಆಗಿರಬೇಕು. ತಿಂಗಳು ತಿಂಗಳು ಕಟ್ಟುತ್ತಿದ್ದ ಆರ್‌ಡಿ ಮುರಿದೆ. ಮನೆಯವರಿಗೆ ಹೇಳಿಯೇ ಮುರಿದೆ, ಕಥೆಯ ಗಂಡನ ಹಾಗಲ್ಲ! ಬೆಲೆ 230 ರೂಪಾಯಿ. ಅಂಗಡಿಗಳಿಗೆ 40 ಪರ್ಸೆಂಟ್ ಕೊಟ್ಟು, ಹಣ ಬರುವಷ್ಟರಲ್ಲಿ ಸಾಕುಸಾಕಾಯಿತು. ನಿಜವಾಗಿ ಕೈಗೆ ಬಂದ ದುಡ್ಡು ಫೋನ್ ಮಾಡಿ ಅಂಚೆಯಲ್ಲಿ ತರಿಸಿಕೊಂಡವರದು. ಹದಿನಾಲ್ಕು ತಿಂಗಳಲ್ಲಿ ಅಸಲು ಬಂತು, ಮೇಲೆ ಒಂದು ಎಂಟು ಸಾವಿರ.

ಫೋನ್ ಮಾಡಿದವರಲ್ಲಿ ಅರ್ಧ ಜನ 188ನೇ ಪುಟದ ಬಗ್ಗೆಯೇ ಮಾತಾಡಿದರು. ಉಪ್ಪಿಲ್ಲದ ಸಾರು ಅಂದಿದ್ದ ಹಿರಿಯರೂ ಮಾಡಿದ್ದರು.

ತಿದ್ದುವವರಿಗೆ ಒಂದು ಮಾತು. ಯೂನಿಕೋಡ್ ಫೈಲಿನಲ್ಲಿ ‘ರೀ’ ಅಂತ ಹುಡುಕಿದರೆ ಪರೀಕ್ಷೆ, ಶರೀರ ಮಾತ್ರ ಅಲ್ಲ, ‘ಪ್ರೀತಿ’ಯೂ ಸಿಕ್ಕಿಬಿಡುತ್ತದೆ. ಸುಮ್ನೆ ಪ್ರಿಂಟ್ ತೆಗೆದು ಕೆಂಪು ಪೆನ್ ಹಿಡಿದು ಕೂತೆ. ಆದರೂ 94ನೇ ಪುಟದಲ್ಲಿ ಒಂದು ‘ರೀ’ ಉಳಿದುಬಿಟ್ಟಿತ್ತು. ದಾವಣಗೆರೆಯ ಓದುಗರೊಬ್ಬರು ಹಿಡಿದರು. ಈ ಮುದ್ರಣದಲ್ಲಿ ತೆಗೆದಿದ್ದೇನೆ. ಹಳೇ ಪ್ರತಿ ಇದ್ದವರು ದಯವಿಟ್ಟು ಪೆನ್ನಿನಿಂದ ಹೊಡೆದುಬಿಡಿ.