ಬ್ಲಶ್ ಬಳಿದ ಹಾಗೆ ಕಾಣಬಾರದು ಅಂದರೆ

ಕೆನ್ನೆಗೆ ರಂಗು ಕೊಡುವ ಕ್ರೀಮ್ ಬ್ಲಶ್ ಅನ್ನು, ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಫೌಂಡೇಶನ್‌ಗಿಂತ ಮೊದಲೇ ಹಚ್ಚಿ ನೋಡಿ. ಕೆನ್ನೆಯ ಮೂಳೆ ಮೇಲೆ ಎರಡು ಚುಕ್ಕೆ ಇಟ್ಟು, ಉಂಗುರ ಬೆರಳಿನಿಂದ ಕಿವಿಯ ಕಡೆಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಉಜ್ಜಬೇಡಿ. ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸಬೇಕು, ಅಷ್ಟು ಇರಲಿ. ಅದರ ಮೇಲೆ ಒದ್ದೆ ಸ್ಪಂಜಿನಿಂದ ಫೌಂಡೇಶನ್ ತೆಳ್ಳಗೆ ಒತ್ತಿ. ಬಣ್ಣ ಆ ತೆಳು ಪದರದ ಒಳಗಿಂದ ಇಣುಕುತ್ತದೆ, ಅಂಚು ಎದ್ದು ಕಾಣುವುದಿಲ್ಲ. ಬಿಸಿಲಲ್ಲಿ ನಡೆದು ಬಂದಾಗ ಕೆನ್ನೆ ಕೆಂಪಾಗುತ್ತಲ್ವಾ, ಥೇಟ್ ಹಾಗೇ. ಗೋಧಿ ಬಣ್ಣ, ಕಪ್ಪು ಬಣ್ಣದವರು ತಿಳಿ ಗುಲಾಬಿ ತಗೋಬೇಡಿ, ಬೂದಿ ಬಳಿದ ಹಾಗಾಗುತ್ತದೆ. ಇಟ್ಟಿಗೆ ಕೆಂಪು ಎಷ್ಟು ಚೆಂದ ಒಪ್ಪುತ್ತದೆ ಗೊತ್ತಾ! ಪೌಡರ್ ಬ್ಲಶ್‌ಗೆ ಮಾತ್ರ ಈ ಉಪಾಯ ಬೇಡ, ಮೇಲೆ ಫೌಂಡೇಶನ್ ತಾಗಿದರೆ ತೇಪೆ ತೇಪೆಯಾಗುತ್ತದೆ. ಫೌಂಡೇಶನ್ ದಪ್ಪ ಇದ್ದರೂ ಅಷ್ಟೇ, ಬ್ಲಶ್ ಪೂರ್ತಿ ಮುಚ್ಚಿಹೋಗುತ್ತದೆ.