ಇಳಿಗಾಲದಲ್ಲಿ ಚಿಪ್ ಷೇರನ್ನು ತೂಗುವುದು ಹೇಗೆ

ಮೆಮೊರಿ ಚಿಪ್ ಕಂಪನಿಗಳಲ್ಲಿ ಪಿ/ಇ ಅನುಪಾತ (ಷೇರಿನ ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ತಲೆಕೆಳಗು. ಲಾಭ ಉತ್ತುಂಗದಲ್ಲಿದ್ದಾಗ ಷೇರು ಅಗ್ಗವಾಗಿ ಕಾಣುತ್ತದೆ, ನಷ್ಟದ ವರ್ಷದಲ್ಲಿ ಅನುಪಾತಕ್ಕೆ ಅರ್ಥವೇ ಇರದು. ಅಮೆರಿಕದ ಮೈಕ್ರಾನ್ ನೋಡಿ: 2022ರ ಹಣಕಾಸು ವರ್ಷದಲ್ಲಿ ಸುಮಾರು 30.8 ಬಿಲಿಯನ್ ಡಾಲರ್ ಇದ್ದ ವರಮಾನ ಮರುವರ್ಷ 15.5ಕ್ಕೆ ಕುಸಿಯಿತು. ಹಾಗಾಗಿ ಬೆಲೆಯು ಪುಸ್ತಕ ಮೌಲ್ಯದ (ಆಸ್ತಿಯಿಂದ ಸಾಲ ಮತ್ತಿತರ ಹೊಣೆ ಕಳೆದು ಉಳಿಯುವ ಮೊತ್ತ) ಎಷ್ಟು ಪಟ್ಟಿದೆ ಎಂದು ಲೆಕ್ಕ ಹಾಕಿ, ಹಿಂದಿನ ಇಳಿಗಾಲಗಳ ಜೊತೆ ಹೋಲಿಸಿ.

ನಂತರ ದಾಸ್ತಾನು, ಹೆಚ್ಚಿನವರು ಎಡವುವುದು ಇಲ್ಲೇ. ತ್ರೈಮಾಸಿಕದ ಕೊನೆಯ ದಾಸ್ತಾನನ್ನು ಆ ಅವಧಿಯಲ್ಲಿ ಮಾರಿದ ಸರಕಿನ ವೆಚ್ಚದಿಂದ ಭಾಗಿಸಿ 90ರಿಂದ ಗುಣಿಸಿದರೆ ಎಷ್ಟು ದಿನದ ಸರಕು ಗೋದಾಮಿನಲ್ಲಿದೆ ಎಂದು ಗೊತ್ತಾಗುತ್ತದೆ. ಆದರೆ 2023ರ ಮಾರ್ಚ್ ಆರಂಭಕ್ಕೆ ಮುಗಿದ ತ್ರೈಮಾಸಿಕದಲ್ಲಿ ಮೈಕ್ರಾನ್ ದಾಸ್ತಾನಿನ ಮೌಲ್ಯವನ್ನು 1.43 ಬಿಲಿಯನ್ ಡಾಲರ್ ಇಳಿಸಿತು. ಆ ಮೊತ್ತ ದಾಸ್ತಾನಿನಿಂದ ಕಳೆದು ವೆಚ್ಚಕ್ಕೆ ಸೇರುವುದರಿಂದ ದಿನಗಳು ಎರಡೂ ಕಡೆಯಿಂದ ಕಡಿಮೆ ಕಾಣುತ್ತವೆ. ಅದನ್ನು ದಾಸ್ತಾನಿಗೆ ಕೂಡಿಸಿ, ವೆಚ್ಚದಿಂದ ಕಳೆದು ಮತ್ತೆ ಲೆಕ್ಕ ಹಾಕಿ. ಮುಂದೆ ಅದೇ ಸರಕು ಮಾರಾಟವಾದಾಗ ಲಾಭದ ಪ್ರಮಾಣ ಉಬ್ಬುತ್ತದೆ, ಅದು ಚೇತರಿಕೆಯಲ್ಲ.

ನಗದಿನಿಂದ ಸಾಲ ಕಳೆಯಿರಿ. ತ್ರೈಮಾಸಿಕಕ್ಕೆ ಎಷ್ಟು ಕರಗುತ್ತಿದೆ ನೋಡಿ. ಎರಡು ವರ್ಷ ತಡೆಯದ ಕಂಪನಿ ನಮ್ಮ ಲೆಕ್ಕದಲ್ಲಿ ಬೇಡ.

ಪೂರೈಕೆಯ ಸುದ್ದಿಯೂ ಮುಖ್ಯ: ಸ್ಯಾಮ್‌ಸಂಗ್ ಉತ್ಪಾದನೆ ಕಡಿತ ಪ್ರಕಟಿಸಿದ್ದು 2023ರ ಏಪ್ರಿಲ್‌ನಲ್ಲಿ. ಮೈಕ್ರಾನ್ ಷೇರು ಮಾತ್ರ 2022ರ ಕೊನೆಯಲ್ಲೇ ತಳ ಮುಟ್ಟಿತ್ತು. ಒಳ್ಳೆಯ ಫಲಿತಾಂಶಕ್ಕೆ ಕಾದರೆ ತಡವಾಗುತ್ತದೆ. ನಾಲ್ಕು ಕಂತುಗಳಲ್ಲಿ, ತ್ರೈಮಾಸಿಕಕ್ಕೊಂದರಂತೆ ಕೊಳ್ಳಿ. ಭಾರತದ ನಿವಾಸಿಗಳು ಈ ವಿದೇಶಿ ಷೇರುಗಳನ್ನು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಅನುಸೂಚಿಯಲ್ಲಿ ತೋರಿಸಬೇಕು.