ಚಾ ಕುಡಿದಿಲ್ರೀ

ನಾನು ಬೆಳಗಾವಿಯಲ್ಲಿ ಎಮ್‌ಆರ್‌ಐ ಟೆಕ್ನಿಶಿಯನ್. ತಲೆ, ಬೆನ್ನು, ಮೊಣಕಾಲಿನ ಸ್ಕ್ಯಾನ್ ದಿನಾ ಇರುತ್ತವೆ. ಹೃದಯದ ಸ್ಟ್ರೆಸ್ ಎಮ್‌ಆರ್‌ಐ, ಅಂದರೆ ಔಷಧಿ ಕೊಟ್ಟು ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತದೆಯೇ ಅಂತ ನೋಡುವ ಸ್ಕ್ಯಾನ್, ಬರುವುದು ಅಪರೂಪ. ಬಂದ ದಿನ ಮೈಯೆಲ್ಲ ಕಣ್ಣಾಗಿರಬೇಕು. ಒಂದು ಸಲ ನಾನು ಹಾಗೆ ಇರಲಿಲ್ಲ.

ಅವರು ಬೈಲಹೊಂಗಲ ಕಡೆಯ ರೈತರು, ಅರವತ್ತು ದಾಟಿದವರು. ನಮ್ಮಲ್ಲಿ ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆದೆವು. ಬದುವಿನ ಮೇಲೆ ಸ್ವಲ್ಪ ನಡೆದರೆ ಸಾಕು, ಎದೆ ಬಿಗಿಯುತ್ತಿತ್ತು. ಟ್ರೆಡ್‌ಮಿಲ್ ಮೇಲೆ ಓಡಿಸೋಣ ಅಂದರೆ ಎರಡೂ ಮೊಣಕಾಲು ಸವೆದಿದ್ದವು. ಅದಕ್ಕೇ ನಮ್ಮ ಕಡೆ ಕಳಿಸಿದ್ದರು.

ಮಗನಿಗೆ ಇದು ಸರಿ ಕಾಣಲಿಲ್ಲ. "ಸೀದಾ ಆಂಜಿಯೋಗ್ರಾಮ್ ಮಾಡಿಬಿಡ್ರಲ್ಲ ಸರ್, ಇದ್ಯಾಕ ನಡುವ?" ಅಂದ. ನಮ್ಮ ಡಾಕ್ಟ್ರು 2019ರಲ್ಲಿ ಪ್ರಕಟವಾದ ಎಮ್‌ಆರ್-ಇನ್‌ಫಾರ್ಮ್ ಅಧ್ಯಯನದ ಬಗ್ಗೆ ಹೇಳಿದರು. ಎದೆನೋವಿನ 918 ಜನರಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಈ ಎಮ್‌ಆರ್‌ಐ, ಉಳಿದವರಿಗೆ ಸೀದಾ ಆಂಜಿಯೋಗ್ರಾಮ್, ಜೊತೆಗೆ ತಂತಿ ಹಾಕಿ ರಕ್ತದ ಒತ್ತಡ ಅಳೆಯುವುದು. ವರ್ಷದ ನಂತರ ನೋಡಿದರೆ ಎಮ್‌ಆರ್‌ಐ ಗುಂಪಿನವರ ಸ್ಥಿತಿ ಇನ್ನೊಂದು ಗುಂಪಿಗಿಂತ ಕೆಟ್ಟಿರಲಿಲ್ಲ. ಆದರೆ ಸ್ಟೆಂಟ್ ಅಥವಾ ಬೈಪಾಸ್ ಆದವರು ಕಡಿಮೆ: ನೂರಕ್ಕೆ ಸುಮಾರು 36, ಅತ್ತ 45. ಮಗ ಸುಮ್ಮನಾದ.

ನನ್ನ ಕೆಲಸ ಶುರುವಾಗುವುದು ಇದಾದ ಮೇಲೆ. ಬೆಳ್ಳಿ ಉಡದಾರ, ಉಂಗುರ, ಲಿಂಗದ ಕರಡಿಗೆ ಎಲ್ಲ ತೆಗೆಸಬೇಕು. ಕರಡಿಗೆ ತೆಗೆಯಿರಿ ಅನ್ನುವುದು ಸುಲಭದ ಮಾತಲ್ಲ, ಅಲ್ಲಿ ಅವಸರ ಮಾಡಬಾರದು. ಎರಡೂ ಕೈಗೆ ಸೂಜಿ, ಒಂದರಲ್ಲಿ ರಕ್ತನಾಳ ಹಿಗ್ಗಿಸುವ ಔಷಧಿ ಅಡಿನೋಸಿನ್, ಇನ್ನೊಂದರಲ್ಲಿ ರಕ್ತ ಹೋದ ಕಡೆಯನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಗ್ಯಾಡೋಲಿನಿಯಂ. ಎದೆಗೆ ಇಸಿಜಿ ಪಟ್ಟಿ. ಆಮೇಲೆ ಉಸಿರಿನ ತಾಲೀಮು. ಯಂತ್ರದೊಳಗೆ ರೆಕಾರ್ಡ್ ಆದ ಇಂಗ್ಲಿಷ್ ದನಿ ಇದೆ, ನಾನು ಅದನ್ನು ಹಾಕುವುದೇ ಇಲ್ಲ. "ಉಸಿರು ತಗೋರಿ, ಬಿಡ್ರಿ, ಹಂಗ ನಿಂದರ್ರಿ" ಅಂತ ನಾನೇ ಮೈಕಿನಲ್ಲಿ ಹೇಳುತ್ತೇನೆ. ಬೆಳಗಾವಿಯದೇ ಶಹಾಪುರ ಕಡೆಯವರು ಬಂದರೆ ಎಷ್ಟೋ ಸಲ ಅದೇ ಮಾತು ಮರಾಠಿಯಲ್ಲಿ.

ಕೊನೆಗೆ ಆ ಪ್ರಶ್ನೆ. "ಕಾಕಾ, ನಿನ್ನೆಯಿಂದ ಚಾ ಕುಡಿದೀರೇನ್ರಿ?"

"ಕುಡಿದಿಲ್ರೀ."

ಫಾರ್ಮಿನಲ್ಲಿ ಗುರುತು ಹಾಕಿದೆ. ಮುಂದೆ ಕೇಳಲಿಲ್ಲ. ತಪ್ಪಿದ್ದು ಅಲ್ಲೇ.

ಅಡಿನೋಸಿನ್ ಮಾಡುವ ಕೆಲಸ ಹಳ್ಳಿಯವರಿಗೆ ಬೇಗ ತಿಳಿಯುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಎಲ್ಲರೂ ಹೊಲದ ಮಡೆ ಪೂರ್ತಿ ತೆಗೆದರೆ ನೀರು ನುಗ್ಗುತ್ತದೆ, ಅಲ್ವಾ? ಆದರೆ ಯಾರ ಕಾಲುವೆಯಲ್ಲಿ ಹೂಳು ತುಂಬಿದೆಯೋ ಅವನು ತನ್ನ ಮಡೆಯನ್ನು ಮೊದಲೇ ಪೂರ್ತಿ ತೆಗೆದಿಟ್ಟಿರುತ್ತಾನೆ. ಇನ್ನು ತೆಗೆಯಲು ಏನೂ ಉಳಿದಿಲ್ಲ. ಹೃದಯದಲ್ಲೂ ಹಾಗೇ. ಔಷಧಿ ಹೋದಾಗ ಒಳ್ಳೆಯ ರಕ್ತನಾಳದಲ್ಲಿ ರಕ್ತ ಮೂರು ನಾಲ್ಕು ಪಟ್ಟು ಹರಿಯುತ್ತದೆ, ಕಟ್ಟಿಕೊಂಡ ನಾಳದಲ್ಲಿ ಅಷ್ಟು ಏರುವುದಿಲ್ಲ. ಅದೇ ಹೊತ್ತಿಗೆ ಗ್ಯಾಡೋಲಿನಿಯಂ ಬಿಟ್ಟರೆ ರಕ್ತ ಚೆನ್ನಾಗಿ ಬಂದ ಸ್ನಾಯು ಬೆಳ್ಳಗೆ, ಬಾರದ ಕಡೆ ಕಪ್ಪು. ಚಾದಲ್ಲಿರುವ ಕೆಫೀನ್ ಹೊಟ್ಟೆಯಲ್ಲಿದ್ದರೆ ಅಡಿನೋಸಿನ್ ಕೂರುವ ಜಾಗವನ್ನೇ ಅದು ಹಿಡಿದುಬಿಡುತ್ತದೆ. ಮಡೆ ತೆರೆಯುವುದೇ ಇಲ್ಲ.

ಅಡಿನೋಸಿನ್ ಕೊಡುವ ಲೆಕ್ಕ ನಿಮಿಷಕ್ಕೆ, ಮೈತೂಕದ ಕಿಲೋಗೆ 140 ಮೈಕ್ರೋಗ್ರಾಂ. ಎರಡು ಮೂರು ನಿಮಿಷಕ್ಕೆ ಸಾಮಾನ್ಯವಾಗಿ ಮುಖ ಬಿಸಿಯಾಗುತ್ತದೆ, ಎದೆ ಭಾರ ಅನಿಸುತ್ತದೆ, ನಾಡಿ ಹತ್ತಾದರೂ ಏರುತ್ತದೆ. ಡಾಕ್ಟ್ರು ಪಕ್ಕದಲ್ಲೇ ಇರಲೇಬೇಕು. ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ಇಳಿಯುತ್ತದೆ. ಆ ಔಷಧಿಯ ಆಯುಷ್ಯ ಸೆಕೆಂಡುಗಳ ಲೆಕ್ಕ. ಕಾಕಾಗೆ ಕೇಳಿದೆ, ಏನಾಗ್ತದ್ರಿ ಅಂತ. "ಏನೂ ಆಗವಲ್ದು" ಅಂದರು. ನಾಡಿ 72 ಇದ್ದದ್ದು 74.

ಚಿತ್ರಗಳು ಬಂದವು. ಹೃದಯದ ಸ್ನಾಯು ಸುತ್ತಲೂ ಒಂದೇ ಸಮ ಬೆಳ್ಳಗೆ. ನನಗೆ ಖುಷಿ. ಡಾಕ್ಟ್ರು ಹೃದಯ ಬಿಟ್ಟು ಚಿತ್ರದ ಮೂಲೆ ನೋಡುತ್ತಿದ್ದರು. ಅಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಬಲ್ಬಿನಂತೆ ಹೊಳೆಯುತ್ತಿತ್ತು. ಅಡಿನೋಸಿನ್ ನಾಟಿದ್ದರೆ ಗುಲ್ಮಕ್ಕೆ ರಕ್ತ ಕಡಿಮೆಯಾಗಿ ಅದು ಮಂಕಾಗಬೇಕು. "ಔಷಧಿ ಹತ್ತಿಲ್ಲ" ಅಂದರು.

ಮಗನನ್ನು ಕೇಳಿದೆ. "ಚಾ ಇಲ್ರೀ ಸರ್. ಬಸ್ ಸ್ಟ್ಯಾಂಡಿನಾಗ ಬರೇ ಕಟಿಂಗ್ ಕುಡಿದಾರ, ಎರಡು ಸಲ."

ಕಾಕಾ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಚಾ ಅಂದರೆ ಮನೆಯ ದೊಡ್ಡ ಕಪ್ಪಿನದು, ಅರ್ಧ ಗ್ಲಾಸಿನ ಕಟಿಂಗ್ ಚಾ ಲೆಕ್ಕಕ್ಕೇ ಇಲ್ಲ. ಆ ರಿಪೋರ್ಟ್ ನಾರ್ಮಲ್ ಅಂತ ಹೋಗಿದ್ದರೆ? ನನಗೆ ಅವತ್ತು ಊಟ ಸೇರಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಕರೆಸಿದೆವು. ಈ ಸಲ ಎರಡನೇ ನಿಮಿಷಕ್ಕೇ ಕಾಕಾ "ಯಪ್ಪಾ, ಎದಿ ಮ್ಯಾಲೆ ಕಲ್ಲ ಇಟ್ಟಂಗಾತು" ಅಂದರು. ಗುಲ್ಮ ಮಂಕು. ಹೃದಯದ ಕೆಳಗೋಡೆಯ ಒಳಪದರದಲ್ಲಿ ಕಪ್ಪು ಪಟ್ಟಿ. ಒಂದೆರಡು ಬಡಿತಕ್ಕೆ ಮಾಯವಾಗುವ ಕಪ್ಪು ಗೆರೆ ಯಂತ್ರದ ಚೇಷ್ಟೆ, ಅದಕ್ಕೆ ಮೋಸ ಹೋಗಬಾರದು. ಇದು ಹಾಗಲ್ಲ, ಬಡಿತದ ಮೇಲೆ ಬಡಿತ ಉಳಿಯಿತು. ಹತ್ತು ನಿಮಿಷದ ನಂತರದ ಚಿತ್ರಗಳಲ್ಲಿ ಲೆಕ್ಕ ಉಲ್ಟಾ, ಸತ್ತ ಸ್ನಾಯು ಬೆಳ್ಳಗೆ ಕಾಣುತ್ತದೆ. ಅಲ್ಲಿ ಬಿಳಿ ಇರಲೇ ಇಲ್ಲ. ಸ್ನಾಯು ಜೀವಂತ ಇದೆ, ರಕ್ತ ಮಾತ್ರ ಸಾಲುತ್ತಿಲ್ಲ. ಆಮೇಲೆ ಆಂಜಿಯೋಗ್ರಾಮ್‌ನಲ್ಲಿ ಬಲಗಡೆಯ ನಾಳ ಕಟ್ಟಿದ್ದು ಸಿಕ್ಕಿತು, ಸ್ಟೆಂಟ್ ಹಾಕಿದರು.

ಈಗ ನಾನು ಹಿಂದಿನ ದಿನವೇ ಫೋನ್ ಮಾಡುತ್ತೇನೆ. 24 ತಾಸು ಚಾ, ಕಾಫಿ, ಕೋಲಾ, ಚಾಕಲೇಟ್ ಯಾವುದೂ ಬೇಡ, ಕಟಿಂಗೂ ಬೇಡ, ಗುಟುಕೂ ಬೇಡ. ತಲೆನೋವಿನ ಕೆಲವು ಗುಳಿಗೆಯಲ್ಲೂ ಕೆಫೀನ್ ಇರುತ್ತದೆ, ಅದನ್ನೂ ಕೇಳುತ್ತೇನೆ. ದಮ್ಮಿನ ಕಾಯಿಲೆ ಇದೆಯಾ ಅಂತಲೂ ಕೇಳಬೇಕು, ಅಂಥವರಿಗೆ ಅಡಿನೋಸಿನ್ ಆಗಿಬರುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ, ಮನೆಯಲ್ಲಿ ಚಾ ಮಾಡುವವರ ಕೈಗೆ ಫೋನ್ ಕೊಡಿ ಅನ್ನುತ್ತೇನೆ.